ಮೂವತ್ತು ವರ್ಷಗಳ ಸಾರ್ಥಕ ನಡಿಗೆ: ಮೇರಿ ಕೇ ಓಕಾನರ್ ಪ್ರೋಸೆಸ್ ಸೇಫ್ಟಿ ಸೆಂಟರ್

ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಆಶ್ರಯದಲ್ಲಿ 1995ರಲ್ಲಿ ಹುಟ್ಟಿದ ಮೇರಿ ಕೇ ಓಕಾನರ್ ಪ್ರೋಸೆಸ್ ಸೇಫ್ಟಿ ಸೆಂಟರ್, 2025ಕ್ಕೆ ಮೂವತ್ತು ವರ್ಷ ಪೂರೈಸಿದೆ. ರಾಸಾಯನಿಕ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ಅನಿಲ ಸ್ಥಾವರಗಳಲ್ಲಿ ಸುರಕ್ಷತೆಯನ್ನೇ ಕಸುಬು ಮಾಡಿಕೊಂಡಿರುವ ನಮ್ಮೆಲ್ಲರ ಮೇಲೆ ಈ ಸಂಸ್ಥೆಯ ಋಣವಿದೆ. ಅಲ್ಲಿ ಓದಿ ಬಂದವರು ನಮ್ಮ ನಡುವೆ ಬೆರಳೆಣಿಕೆಯಷ್ಟೇ ಇರಬಹುದು. ಆದರೆ ಅಲ್ಲಿಂದ ಹೊರಬಂದ ಗ್ರಂಥ, ಪ್ರಬಂಧ, ಪಾಠಗಳ ನೆರವನ್ನು ಒಂದಲ್ಲ ಒಂದು ದಿನ ಪಡೆಯದವರು ಈ ಕಸುಬಿನಲ್ಲಿ ವಿರಳ. ಆ ಋಣವನ್ನು ಗೌರವದಿಂದ ನೆನೆಯುತ್ತಾ, ಸಂಸ್ಥೆಯ ಹುಟ್ಟು ಮತ್ತು ಬೆಳವಣಿಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇವೆ.

ಮೊದಲಿಗೆ, ಈ ಕ್ಷೇತ್ರಕ್ಕೆ ಹೊಸಬರಾದ ಓದುಗರಿಗೆ ಒಂದು ಮಾತು. ಸುರಕ್ಷತೆ ಎಂದೊಡನೆ ಹೆಲ್ಮೆಟ್, ಕೈಗವಸು, ಜಾರಿ ಬೀಳದಂತೆ ಎಚ್ಚರಿಕೆಯ ಫಲಕ ಇವೇ ಕಣ್ಣಮುಂದೆ ಬರುತ್ತವೆ. ಅವೂ ಬೇಕು. ಆದರೆ ಪ್ರೋಸೆಸ್ ಸೇಫ್ಟಿಯ ಕಾಳಜಿ ಬೇರೆ. ಪೈಪು, ಟ್ಯಾಂಕು, ರಿಯಾಕ್ಟರುಗಳ ಒಳಗೆ ಒತ್ತಡದಲ್ಲಿರುವ ಉರಿಯುವ, ವಿಷಕಾರಿ, ಸಿಡಿಯುವ ವಸ್ತುಗಳು ಒಳಗೇ ಉಳಿಯುವಂತೆ ನೋಡಿಕೊಳ್ಳುವ ಶಾಸ್ತ್ರ ಅದು. ಇಲ್ಲಿ ತಪ್ಪಾದರೆ ಒಬ್ಬರಿಗೆ ಪೆಟ್ಟಾಗಿ ಮುಗಿಯುವುದಿಲ್ಲ. ಊರಿಗೆ ಊರೇ ಬೆಲೆ ತೆರುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಏನಾಯಿತೆಂಬುದನ್ನು ಭಾರತೀಯರಿಗೆ ಯಾರೂ ವಿವರಿಸಬೇಕಿಲ್ಲ.

ಅಪಘಾತವಾದ ಮೇಲೆ ಕಾನೂನು, ಕಾನೂನು ಬಂದ ಮೇಲೆ ಪಾಠ ಎಂಬುದು ಹಳೆಯ ಕ್ರಮ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1897ರಲ್ಲಿ 52 ಕಾರ್ಮಿಕರು, ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 1899ರಲ್ಲಿ 47 ಮಂದಿ ಪ್ರಾಣ ತೆತ್ತ ಮೇಲೆಯೇ 1901ರ ಗಣಿ ಕಾಯಿದೆ ಬಂದದ್ದು. ರಾಸಾಯನಿಕ ಉದ್ಯಮದಲ್ಲೂ ಹಾಗೆಯೇ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 1974ರ ಜೂನ್ 1ರಂದು 28 ಮಂದಿ ಸತ್ತರು. ಭೋಪಾಲದ ದುರಂತದ ಬೆನ್ನಲ್ಲೇ, 1985ರಲ್ಲಿ, ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಸ್ಥೆಯು ಕಂಪನಿಗಳನ್ನು ಒಟ್ಟುಗೂಡಿಸಿ ಕೆಮಿಕಲ್ ಪ್ರೋಸೆಸ್ ಸೇಫ್ಟಿಗೆಂದೇ ಒಂದು ಕೇಂದ್ರವನ್ನು ತೆರೆಯಿತು. ಮಾರ್ಗದರ್ಶಿ ಗ್ರಂಥಗಳು ಒಂದರ ಹಿಂದೊಂದು ಬಂದವು. ಇಷ್ಟಾದರೂ ಕೆಮಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಸುರಕ್ಷತೆಗೆ ಜಾಗ ಸಿಕ್ಕಿರಲಿಲ್ಲ. ಉಷ್ಣಗತಿಶಾಸ್ತ್ರ ಕಲಿತ ಪದವೀಧರ, ಮಿತಿಮೀರಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಏಕೆ ಬೇಕೆಂಬುದನ್ನು ಕೆಲಸಕ್ಕೆ ಸೇರಿದ ಮೇಲೆ, ಹಿರಿಯ ಆಪರೇಟರ್ ಒಬ್ಬರ ಬಾಯಿಂದ ಕೇಳಿ ತಿಳಿಯಬೇಕಿತ್ತು.

ಇಂತಹ ಕಾಲದಲ್ಲಿ ಬಂದದ್ದು 1989ರ ಅಕ್ಟೋಬರ್ 23. ಟೆಕ್ಸಸ್‌ನ ಪ್ಯಾಸಡೀನಾದಲ್ಲಿ, ಹೂಸ್ಟನ್ ಹಡಗು ಕಾಲುವೆಯ ಪಕ್ಕದಲ್ಲಿದ್ದ ಫಿಲಿಪ್ಸ್ ಕಂಪನಿಯ ಪಾಲಿಎಥಿಲೀನ್ ಸ್ಥಾವರದಲ್ಲಿ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಿರ್ವಹಣೆಯ ಕೆಲಸ ನಡೆದಿತ್ತು. ರಿಯಾಕ್ಟರಿನ ಕೆಳಗಿನ ಒಂದು ಕೊಳವೆ ಕಟ್ಟಿಕೊಂಡಿತ್ತು; ಅದನ್ನು ಬಿಚ್ಚಿ ಸರಿಪಡಿಸಬೇಕಿತ್ತು. ಬಿಚ್ಚಿದ ಕೊಳವೆಗೂ ರಿಯಾಕ್ಟರಿಗೂ ನಡುವೆ ಇದ್ದದ್ದು ಒಂದೇ ಒಂದು ವಾಲ್ವ್. ಗಾಳಿಯ ಒತ್ತಡದಿಂದ ತೆರೆದು ಮುಚ್ಚುವ ಆ ವಾಲ್ವಿಗೆ ಎರಡು ಹೋಸುಗಳು. ಎರಡರ ಜೋಡಣೆಯ ತುದಿಯೂ ಒಂದೇ ತೆರನಾದದ್ದರಿಂದ ಅದಲು ಬದಲಾಗಿ ಸಿಕ್ಕಿಸಲು ಅಡ್ಡಿಯೇ ಇರಲಿಲ್ಲ. ಆ ದಿನ ಅದಲು ಬದಲಾಗಿಯೇ ಇದ್ದವು. ಮುಚ್ಚಿದೆ ಎಂದುಕೊಂಡ ವಾಲ್ವ್ ತೆರೆದುಕೊಂಡಿತು. ಕೆಲವೇ ಕ್ಷಣಗಳಲ್ಲಿ 85,000 ಪೌಂಡಿಗೂ ಹೆಚ್ಚು, ಅಂದರೆ ಸುಮಾರು 38 ಟನ್, ಎಥಿಲೀನ್ ಮತ್ತು ಐಸೊಬ್ಯುಟೇನ್ ಮಿಶ್ರಣ ಹೊರಬಿದ್ದು ಮೋಡದಂತೆ ಹರಡಿತು. ಎರಡು ನಿಮಿಷ ಕಳೆಯುವುದರೊಳಗೆ ಅದಕ್ಕೆ ಕಿಡಿ ತಗುಲಿತು. ಮುಂದೆ ಹತ್ತು ಹದಿನೈದು ನಿಮಿಷದಲ್ಲಿ ಐಸೊಬ್ಯುಟೇನ್ ಟ್ಯಾಂಕ್ ಸ್ಫೋಟಿಸಿತು. 23 ಮಂದಿ ಅಸುನೀಗಿದರು.

ಸತ್ತವರಲ್ಲಿ ಆಪರೇಷನ್ಸ್ ಸೂಪರಿಂಟೆಂಡೆಂಟ್ ಮೇರಿ ಕೇ ಓಕಾನರ್ ಒಬ್ಬರು. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದಿದ್ದವರು. ಸ್ಥಾವರ ನಡೆಸುವ ಹೊಣೆ ಹೊತ್ತ ಹೆಣ್ಣುಮಕ್ಕಳು ಆ ಉದ್ಯಮದಲ್ಲಿ ಕಡಿಮೆಯಿದ್ದ ಕಾಲದಲ್ಲಿ ಆ ಹುದ್ದೆಗೆ ಏರಿದ್ದವರು.

ತನಿಖೆಯಲ್ಲಿ ಹೊರಬಂದ ಸಂಗತಿಗಳನ್ನು ಇಂದಿಗೂ ನಾವು ತರಬೇತಿಯಲ್ಲಿ ಹೇಳುತ್ತೇವೆ. ಇಂತಹ ಕೆಲಸಕ್ಕೆ ವಾಲ್ವಿನ ಜೊತೆಗೆ ಎರಡನೆಯ ತಡೆ, ಕನಿಷ್ಠ ಕೊಳವೆಯ ಬಾಯಿ ಮುಚ್ಚುವ ಒಂದು ಬ್ಲೈಂಡ್ ಫ್ಲ್ಯಾಂಜ್ ಹಾಕಬೇಕೆಂಬ ನಿಯಮ ಕಂಪನಿಯಲ್ಲೇ ಇತ್ತು. ಆ ಸ್ಥಾವರದ ದಿನನಿತ್ಯದ ರೂಢಿಯಲ್ಲಿ ಅದು ಇರಲಿಲ್ಲ. ನಿಯಮಕ್ಕೂ ರೂಢಿಗೂ ನಡುವಿನ ಈ ಅಂತರವನ್ನು ತುಂಬುವವರು ಯಾರು ಎಂಬ ಪ್ರಶ್ನೆಯೇ ಮುಂದೆ ಕೇಂದ್ರದ ಹುಟ್ಟಿಗೆ ಕಾರಣವಾಯಿತೆಂದು ನಮ್ಮ ನಂಬಿಕೆ.

1990ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಗಾಳಿ ಕಾಯಿದೆಗೆ ತಿದ್ದುಪಡಿ ತಂದಿತು. ಅದರ ಆದೇಶದಂತೆ 1992ರಲ್ಲಿ ಪ್ರೋಸೆಸ್ ಸೇಫ್ಟಿ ನಿರ್ವಹಣೆಯ ನಿಯಮಾವಳಿ ಜಾರಿಯಾಯಿತು. ಅಪಾಯದ ವಿಶ್ಲೇಷಣೆ, ಬದಲಾವಣೆಯ ನಿರ್ವಹಣೆ, ಯಂತ್ರಸಾಮಗ್ರಿಯ ದೃಢತೆ, ತರಬೇತಿ, ಘಟನೆಗಳ ತನಿಖೆ ಮೊದಲಾಗಿ ಹದಿನಾಲ್ಕು ಅಂಶಗಳು. ಕಾನೂನೇನೋ ಬಂತು. ಅದನ್ನು ಅರ್ಥ ಮಾಡಿಕೊಂಡು ನಡೆಸಬಲ್ಲ ಎಂಜಿನಿಯರುಗಳು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಮುಂದೆ ಬಂದವರು ಮೇರಿ ಕೇ ಅವರ ಪತಿ ಟಿ. ಮೈಕೆಲ್ ಓಕಾನರ್. ಮಡದಿಯ ನೆನಪಿಗೆ ಅವರು ಒಂದು ಸ್ಮಾರಕ ಶಿಲೆ ನಿಲ್ಲಿಸಿದ್ದರೂ ಯಾರೂ ಕಡಿಮೆ ಎನ್ನುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಶಾಲೆಯನ್ನು. ಅವರ ಮತ್ತು ಇತರ ದಾನಿಗಳ ದತ್ತಿಯಿಂದ 1995ರಲ್ಲಿ ಕೇಂದ್ರ ಸ್ಥಾಪನೆಯಾಯಿತು. ಕೇಂದ್ರದ ನಿರ್ದೇಶಕರು ಅಲಂಕರಿಸುತ್ತ ಬಂದ ಪ್ರಾಧ್ಯಾಪಕ ಪೀಠವೂ ಅವರ ಹೆಸರಿನದೇ. ಸುರಕ್ಷತೆ ಎಂಜಿನಿಯರಿಗೆ ಎರಡನೆಯ ಸ್ವಭಾವವಾಗಬೇಕು ಎಂಬುದು ಕೇಂದ್ರ ತನ್ನ ಗುರಿಯಾಗಿ ಬರೆದುಕೊಂಡ ಮಾತು. ದಾನಿಗಳು ಹಲವರಿರುತ್ತಾರೆ; ತನ್ನ ನೋವಿನ ಮೂಲವನ್ನೇ ಅಧ್ಯಯನದ ವಿಷಯವಾಗಿಸಿ, ಅದೇ ಉದ್ಯಮವನ್ನು ಅಧ್ಯಯನಕ್ಕೆ ಪಾಲುದಾರನನ್ನಾಗಿ ಕರೆದು ಕೂರಿಸಿದ ದಾನಿ ಅಪರೂಪ. ದೂರುವುದಕ್ಕೆ ಕಾರಣವಿದ್ದವರು ಕಲಿಸುವುದನ್ನು ಆಯ್ದುಕೊಂಡರು. ಅವರಿಗೆ ನಮ್ಮ ಸಮುದಾಯದ ಮೊದಲ ನಮನ.

ಸ್ಥಳದ ಆಯ್ಕೆಯೂ ಸರಿಯಾಗಿಯೇ ಇತ್ತು. 1876ರಲ್ಲಿ ಆರಂಭವಾದ ಟೆಕ್ಸಸ್ ಎ ಅಂಡ್ ಎಂ ಇರುವ ಕಾಲೇಜ್ ಸ್ಟೇಷನ್, ಹೂಸ್ಟನ್ನಿಂದ ಸುಮಾರು 150 ಕಿಲೋಮೀಟರ್ ದೂರ. ಗಲ್ಫ್ ಕರಾವಳಿಯ ಸ್ಥಾವರಗಳಿಗೆ ಎಂಜಿನಿಯರುಗಳನ್ನು ಕಳಿಸುವುದು ಅಲ್ಲಿನ ಹಳೆಯ ಸಂಪ್ರದಾಯ. ಉದ್ಯಮದ ಜನರನ್ನು ಕ್ಯಾಂಪಸ್ಸಿಗೆ ಕರೆಸುವುದೂ ಅವರಿಗೆ ಹೊಸತಲ್ಲ. ಉಪಕರಣ ಮತ್ತು ಸ್ವಯಂಚಾಲನೆಯ ಕುರಿತ ಅಲ್ಲಿನ ವಾರ್ಷಿಕ ಸಮ್ಮೇಳನ 1946ರಿಂದ ನಡೆದುಬಂದಿದೆ.

ಆದರೂ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಸುರಕ್ಷತೆ ಒಂದು ಶಾಸ್ತ್ರವೇ, ಅದಕ್ಕೆ ಪಿಎಚ್.ಡಿ. ಕೊಡುವುದೆಂದರೇನು ಎಂದು ಹುಬ್ಬೇರಿಸುವವರು ಪ್ರಾಧ್ಯಾಪಕ ವಲಯದಲ್ಲಿ ಎಲ್ಲ ಕಡೆ ಇದ್ದರು. ಪಾಠ ಹೇಳೋಣವೆಂದರೆ ಪ್ರಾಧ್ಯಾಪಕರಿಗೇ ಸ್ಥಾವರದ ಅನುಭವ ಕಡಿಮೆ. ಅನುಭವವಿದ್ದ ಕಾರ್ಖಾನೆಯವರಿಗೆ ಅದನ್ನು ಪಾಠವಾಗಿ ಜೋಡಿಸುವ ಅಭ್ಯಾಸವಿಲ್ಲ. ಈ ಕಂದಕಕ್ಕೆ ಮೊದಲ ಸೇತುವೆ ಕಟ್ಟಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡೇನಿಯಲ್ ಕ್ರೌಲ್ ಮತ್ತು ಬಿಎಎಸ್‌ಎಫ್ ಕಂಪನಿಯ ಜೋಸೆಫ್ ಲೂವರ್ ಸೇರಿ ಬರೆದ ಕೆಮಿಕಲ್ ಪ್ರೋಸೆಸ್ ಸೇಫ್ಟಿ ಪಠ್ಯಪುಸ್ತಕ 1990ರಲ್ಲಿ ಹೊರಬಂತು. ವಿಶ್ವವಿದ್ಯಾಲಯ ಮತ್ತು ಉದ್ಯಮ ಒಂದೇ ಮೇಜಿನ ಮುಂದೆ ಕೂತರೆ ಏನಾಗುತ್ತದೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ ಈ ವಿಷಯದ ಪಾಠ ಇಂದಿಗೂ ಅದರ ಮೇಲೆಯೇ ನಿಂತಿದೆ. 1992ರಲ್ಲಿ ಸೇಶ್ ಎಂಬ ಸಮಿತಿ ಹುಟ್ಟಿತು. ಅಧ್ಯಾಪಕರಿಗೆ ಸಿದ್ಧಪಾಠ, ಲೆಕ್ಕ, ಉದಾಹರಣೆಗಳನ್ನು ಒದಗಿಸುವುದು, ಅವರನ್ನು ಕಾರ್ಖಾನೆಗೇ ಕರೆದೊಯ್ದು ಕಾರ್ಯಾಗಾರ ನಡೆಸುವುದು ಅದರ ಕೆಲಸ. ಓಕಾನರ್ ಕೇಂದ್ರ ಹುಟ್ಟಿದ್ದು ಹೀಗೆ ಹದಗೊಂಡ ನೆಲದಲ್ಲಿ.

ಕೇಂದ್ರಕ್ಕೆ ಅದರ ರೂಪ ಕೊಟ್ಟವರು ಪ್ರೊ. ಎಂ. ಸ್ಯಾಮ್ ಮನ್ನಾನ್. ಬಾಂಗ್ಲಾದೇಶದವರು. ಢಾಕಾದ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪದವಿ, ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್. ಆರ್‌ಎಂಟಿ ಎಂಬ ಸಲಹಾ ಸಂಸ್ಥೆಯ ಉಪಾಧ್ಯಕ್ಷರಾಗಿದ್ದ ಅವರು 1997ರಲ್ಲಿ ಕೇಂದ್ರದ ಹೊಣೆ ಹೊತ್ತರು. ಮುಂದಿನ ಇಪ್ಪತ್ತೊಂದು ವರ್ಷ ಕೇಂದ್ರ ಮತ್ತು ಮನ್ನಾನ್ ಎಂಬ ಹೆಸರುಗಳನ್ನು ಬೇರೆಬೇರೆಯಾಗಿ ಉಚ್ಚರಿಸಿದವರಿಲ್ಲ. ನಮ್ಮ ಉಪಖಂಡದ ಒಬ್ಬ ಎಂಜಿನಿಯರ್, ಅಮೆರಿಕದ ಸಂಸತ್ ಸಮಿತಿಗಳ ಮುಂದೆ ಅಲ್ಲಿನ ಕಾರ್ಖಾನೆಗಳ ಸುರಕ್ಷತೆಯ ಬಗ್ಗೆ ಸಾಕ್ಷ್ಯ ನುಡಿಯುವಷ್ಟು ಎತ್ತರಕ್ಕೆ ಏರಿದರೆಂಬುದು ನಮಗೆಲ್ಲ ಹೆಮ್ಮೆ.

ಅವರು ಮಾಡಿದ ವ್ಯವಸ್ಥೆ ಸರಳವಾದದ್ದು. ಕಂಪನಿಗಳು ವಾರ್ಷಿಕ ಶುಲ್ಕ ತೆತ್ತು ಸದಸ್ಯರಾಗುತ್ತವೆ. ಅವುಗಳ ಪ್ರತಿನಿಧಿಗಳು ಸಲಹಾ ಸಮಿತಿಗಳಲ್ಲಿ ಕೂತು ಯಾವ ಪ್ರಶ್ನೆಗೆ ಉತ್ತರ ತುರ್ತಾಗಿ ಬೇಕು ಎಂದು ಹೇಳುತ್ತಾರೆ. ಸಂಶೋಧನೆ ನಡೆಸುವವರು ವಿದ್ಯಾರ್ಥಿಗಳು; ಫಲಿತಾಂಶ ಪತ್ರಿಕೆಗಳಲ್ಲಿ ಎಲ್ಲರಿಗಾಗಿ ಪ್ರಕಟವಾಗುತ್ತದೆ. ಉದ್ಯಮದ ಹಣ ಪಡೆದ ಸಂಸ್ಥೆ ಉದ್ಯಮದ ತಪ್ಪನ್ನು ಹೇಳಬಲ್ಲದೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ದತ್ತಿಯ ಬಲ, ವಿಶ್ವವಿದ್ಯಾಲಯದ ಚೌಕಟ್ಟು, ಬಹಿರಂಗ ಪ್ರಕಟಣೆ ಈ ಮೂರೂ ಇದ್ದುದರಿಂದ ಕೇಂದ್ರ ತಲೆ ಎತ್ತಿ ನಡೆಯಿತೆಂದು ನಾವು ಭಾವಿಸುತ್ತೇವೆ.

1998ರಲ್ಲಿ ಕೇಂದ್ರದ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು. ಕಾನೂನು ಹೇಳಿದಷ್ಟು ಮಾಡಿ ಕೈತೊಳೆದುಕೊಳ್ಳುವುದರಿಂದ ಆಚೆಗೆ ಹೋಗಬೇಕು ಎಂಬುದೇ ಅದರ ಘೋಷವಾಕ್ಯ. ಪ್ರತಿ ಅಕ್ಟೋಬರಿನಲ್ಲಿ ಕಂಪನಿಯ ಎಂಜಿನಿಯರ್, ಸರ್ಕಾರಿ ತನಿಖಾಧಿಕಾರಿ, ಪ್ರಾಧ್ಯಾಪಕ, ವಿದ್ಯಾರ್ಥಿ ಒಂದೇ ಸಭಾಂಗಣದಲ್ಲಿ ಸೇರುತ್ತಾರೆ. ಒಬ್ಬರ ಕಾರ್ಖಾನೆಯ ಅವಘಡ ಇನ್ನೊಬ್ಬರಿಗೆ ಪಾಠವಾಗಬೇಕಾದರೆ ಅದನ್ನು ಹೇಳಿಕೊಳ್ಳಲು ಮುಜುಗರವಿಲ್ಲದ ಜಾಗ ಬೇಕು. ಆ ಜಾಗವನ್ನು ಕೇಂದ್ರ ಒದಗಿಸಿತು.

ಪಾಠದ ಕಡೆಗೂ ಅಷ್ಟೇ ಗಮನ ಕೊಟ್ಟರು. ಪದವಿ ಮತ್ತು ಸ್ನಾತಕೋತ್ತರ ಮಟ್ಟದಲ್ಲಿ ಪ್ರೋಸೆಸ್ ಸೇಫ್ಟಿ ಪತ್ರಿಕೆ, ಸುರಕ್ಷತಾ ಎಂಜಿನಿಯರಿಂಗಿನಲ್ಲಿ ಎಂ.ಎಸ್. ಪದವಿ, ಕೆಲಸದಲ್ಲಿ ಇರುವವರಿಗೆ ದೂರಶಿಕ್ಷಣ ಮತ್ತು ಅಲ್ಪಾವಧಿ ತರಬೇತಿಗಳು ಬಂದವು. ನೆದರ್ಲೆಂಡ್ಸಿನ ಹಿರಿಯ ವಿಜ್ಞಾನಿ ಹಾನ್ಸ್ ಪಾಸ್‌ಮನ್ ಸಂಶೋಧನಾ ಪ್ರಾಧ್ಯಾಪಕರಾಗಿ ಬಂದು, ಅಪಾಯವನ್ನು ಅಂಕಿಗಳಲ್ಲಿ ಅಳೆಯುವ ವಿಧಾನಗಳಿಗೆ ಬಲ ತುಂಬಿದರು.

ಸಂಶೋಧನೆಯಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ದ್ರವೀಕೃತ ನೈಸರ್ಗಿಕ ಅನಿಲದ ಕೆಲಸ. ಈ ಅನಿಲವನ್ನು ಮೈನಸ್ 162 ಡಿಗ್ರಿಗೆ ತಂಪಾಗಿಸಿ ಹಡಗಿನಲ್ಲಿ ಸಾಗಿಸುತ್ತಾರೆ. ಮಾಮೂಲಿ ಉಷ್ಣತೆಯಲ್ಲಿ ಮೀಥೇನ್ ಗಾಳಿಗಿಂತ ಹಗುರ. ಆದರೆ ಸೋರಿದಾಗ ಏಳುವ ಆವಿ ಅತಿ ಶೀತಲವಾದ್ದರಿಂದ ಭಾರವಾಗಿ ನೆಲಕ್ಕಂಟಿಕೊಂಡು ಹರಿಯುತ್ತದೆ. ಅದನ್ನು ತಡೆಯುವುದು ಹೇಗೆಂಬುದನ್ನು ಕಂಪ್ಯೂಟರಿನಲ್ಲಿ ಮಾತ್ರ ಕೂತು ಲೆಕ್ಕ ಹಾಕಿದರೆ ಸಾಲದು. ಬಿಪಿ ಕಂಪನಿಯ ನೆರವಿನಿಂದ ಕೇಂದ್ರದವರು ಕಾಲೇಜ್ ಸ್ಟೇಷನ್ನಿನ ಬ್ರೇಟನ್ ಅಗ್ನಿಶಾಮಕ ತರಬೇತಿ ಮೈದಾನದಲ್ಲಿ ನಿಜವಾದ ಅನಿಲವನ್ನೇ ಗುಂಡಿಗಳಿಗೆ ಸುರಿದು ಪ್ರಯೋಗ ಮಾಡಿದರು. ನೀರಿನ ಪರದೆ ಕಟ್ಟಿದರೆ ಆವಿ ಹೇಗೆ ಬೆಚ್ಚಗಾಗಿ ಮೇಲೇರುತ್ತದೆ, ನೊರೆ ಹೊದಿಸಿದರೆ ಬೆಂಕಿಯ ಝಳ ಎಷ್ಟು ಇಳಿಯುತ್ತದೆ ಎಂದು ಅಳೆದರು. ವಿದ್ಯಾರ್ಥಿಗಳಿಗೆ ಅಗ್ನಿಶಾಮಕ ಸಿಬ್ಬಂದಿಯ ಪಕ್ಕದಲ್ಲಿ ನಿಂತು ದತ್ತಾಂಶ ದಾಖಲಿಸುವ ಅವಕಾಶ ಸಿಕ್ಕಿತು. ಕತಾರ್‌ನಲ್ಲಿದ್ದ ವಿಶ್ವವಿದ್ಯಾಲಯದ ಶಾಖೆಯಲ್ಲೂ ಕೇಂದ್ರದ ಅಂಗವೊಂದು ತೆರೆದು, ಜಗತ್ತಿನ ದೊಡ್ಡ ಅನಿಲ ರಫ್ತು ಕೇಂದ್ರಗಳಲ್ಲೊಂದರ ಪಕ್ಕದಲ್ಲೇ ಈ ಕೆಲಸ ಮುಂದುವರಿಯಿತು. ಉದ್ಯಮ ಮತ್ತು ವಿಶ್ವವಿದ್ಯಾಲಯದ ಸಹಭಾಗಿತ್ವ ಎಂಬ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ಅದರ ಅರ್ಥ ಕಾಣಬೇಕಾದವರು ಆ ಮೈದಾನವನ್ನು ನೋಡಬೇಕು.

ಹಿರಿಯರ ಪರಂಪರೆಯನ್ನು ಕಾಪಾಡಿದ್ದು ಕೇಂದ್ರದ ಇನ್ನೊಂದು ಹಿರಿಮೆ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1968ರಿಂದ ಸುರಕ್ಷತಾ ಸಲಹೆಗಾರರಾಗಿದ್ದು, 1982ರಲ್ಲಿ ನಿವೃತ್ತರಾದ ಮೇಲೆ ಅಧ್ಯಾಪಕರಾದ ಟ್ರೆವರ್ ಕ್ಲೆಟ್ಜ್ ನಮ್ಮ ಕ್ಷೇತ್ರದ ಪಿತಾಮಹರು. ಅಪಾಯಕಾರಿ ವಸ್ತುವನ್ನು ಕಾಯುವ ಬದಲು ಅದನ್ನು ಇಟ್ಟುಕೊಳ್ಳುವ ಪ್ರಮಾಣವನ್ನೇ ತಗ್ಗಿಸಿ ಎಂದು 1970ರ ದಶಕದಲ್ಲೇ ಹೇಳಿದವರು. ಅವರು ಟೆಕ್ಸಸ್ ಎ ಅಂಡ್ ಎಂನಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ, 2013ರಲ್ಲಿ ತೀರಿಕೊಳ್ಳುವವರೆಗೂ ಕೇಂದ್ರಕ್ಕೆ ಬೆಂಬಲವಾಗಿದ್ದರು. ಅವರ ಸಮಕಾಲೀನ ಫ್ರಾಂಕ್ ಲೀಸ್ 1980ರಲ್ಲಿ ಹೊರತಂದ ನಷ್ಟ ತಡೆಯ ಮಹಾಗ್ರಂಥ ಎಲ್ಲರ ಮೇಜಿನ ಮೇಲೂ ಇರುವಂಥದ್ದು. ಲೀಸ್ 1999ರಲ್ಲಿ ನಿಧನರಾದಾಗ ಆ ಗ್ರಂಥ ಅಲ್ಲಿಗೇ ನಿಲ್ಲಬಹುದಿತ್ತು. ಮನ್ನಾನ್ ಅದರ ಸಂಪಾದನೆ ವಹಿಸಿಕೊಂಡು 2005ರಲ್ಲಿ ಮೂರನೆಯ, 2012ರಲ್ಲಿ ನಾಲ್ಕನೆಯ ಆವೃತ್ತಿ ಹೊರತಂದರು. ಮೂರು ಸಂಪುಟಗಳ ಅಂಥ ಕೆಲಸಕ್ಕೆ ಕೈಹಾಕಿದವರ ತಾಳ್ಮೆ ಎಂಥದ್ದೆಂದು ಪುಟ ತಿರುವಿದವರಿಗೇ ಗೊತ್ತು.

ಕೇಂದ್ರ ಬೆಳೆಯುತ್ತಿದ್ದಂತೆಯೇ ಅಪಘಾತಗಳು ನಿಲ್ಲಲಿಲ್ಲ ಎಂಬುದನ್ನೂ ದಾಖಲಿಸಬೇಕು. 2005ರ ಮಾರ್ಚ್ 23ರಂದು ಬಿಪಿಯ ಟೆಕ್ಸಸ್ ಸಿಟಿ ಶುದ್ಧೀಕರಣ ಘಟಕದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. 2007ರ ಡಿಸೆಂಬರ್ 19ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಾರ್ಖಾನೆಯ ರಿಯಾಕ್ಟರ್ ತಂಪಾಗದೆ ಹದ್ದುಮೀರಿ ಸಿಡಿಯಿತು, ನಾಲ್ವರು ಸತ್ತರು. ಶಿಕ್ಷಣದ ಇತಿಹಾಸದಲ್ಲಿ ಈ ಎರಡನೆಯ ಘಟನೆಗೆ ಹೆಚ್ಚಿನ ಸ್ಥಾನ. ಕಾರ್ಖಾನೆಯ ಮಾಲೀಕರಲ್ಲಿ ಒಬ್ಬರು ಸ್ವತಃ ಕೆಮಿಕಲ್ ಎಂಜಿನಿಯರ್. ಓದಿಕೊಂಡವರಿಗೇ ಈ ಅಪಾಯ ಕಾಣಲಿಲ್ಲವೆಂದರೆ ಓದಿನಲ್ಲೇ ಕೊರತೆಯಿದೆ ಎಂದು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2009ರ ವರದಿಯಲ್ಲಿ ಗುರುತಿಸಿತು. ಪದವಿ ಪಠ್ಯಕ್ರಮದಲ್ಲೇ ರಾಸಾಯನಿಕ ಕ್ರಿಯೆಗಳ ಅಪಾಯವನ್ನು ಕಲಿಸಬೇಕೆಂದು ಶಿಫಾರಸು ಮಾಡಿತು. ಆ ಬಳಿಕ ಎಂಜಿನಿಯರಿಂಗ್ ಶಿಕ್ಷಣಕ್ಕೆ ಮಾನ್ಯತೆ ನೀಡುವ ಎಬೆಟ್ ಸಂಸ್ಥೆ ತನ್ನ ಮಾನದಂಡವನ್ನು ತಿದ್ದಿತು. ಪ್ರಕ್ರಿಯೆಗಳ ಅಪಾಯದ ಪಾಠವಿಲ್ಲದೆ ಕೆಮಿಕಲ್ ಎಂಜಿನಿಯರಿಂಗ್ ಪದವಿಗೆ ಅಲ್ಲಿ ಮಾನ್ಯತೆ ಸಿಗದಂತಾಯಿತು. ಓಕಾನರ್ ಕೇಂದ್ರ ಹತ್ತು ಹದಿನೈದು ವರ್ಷ ಮೊದಲೇ ಸ್ವಇಚ್ಛೆಯಿಂದ ಮಾಡುತ್ತಿದ್ದುದನ್ನು ಈಗ ಉಳಿದವರೆಲ್ಲ ಮಾಡಲೇಬೇಕಾಯಿತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ಕೊರೆತದ ರಿಗ್‌ನಲ್ಲಿ ಹನ್ನೊಂದು ಮಂದಿ ಸತ್ತ ಮೇಲೆ, ಕಡಲಾಳದ ತೈಲೋದ್ಯಮಕ್ಕೂ ಇಂಥದೇ ಒಂದು ಸಂಸ್ಥೆ ಬೇಕೆಂದು ಅಮೆರಿಕ ಸರ್ಕಾರ 2013ರಲ್ಲಿ ಸಾಗರ ಇಂಧನ ಸುರಕ್ಷತಾ ಸಂಸ್ಥೆಯ ಹೊಣೆಯನ್ನು ಈ ಕೇಂದ್ರದ ನೇತೃತ್ವಕ್ಕೆ ಒಪ್ಪಿಸಿತು. ಟೆಕ್ಸಸ್ ಮತ್ತು ಹೂಸ್ಟನ್ ವಿಶ್ವವಿದ್ಯಾಲಯಗಳು ಜೊತೆಗೂಡಿದವು. ಅದೇ ವರ್ಷ ಏಪ್ರಿಲ್ 17ರಂದು ಟೆಕ್ಸಸ್‌ನ ವೆಸ್ಟ್ ಎಂಬ ಪುಟ್ಟ ಊರಿನ ಗೊಬ್ಬರದ ಮಳಿಗೆಯಲ್ಲಿ ಅಮೋನಿಯಂ ನೈಟ್ರೇಟ್ ಸಿಡಿದು 15 ಮಂದಿ ಸತ್ತಾಗ, ಸೆನೆಟ್ ಸಮಿತಿ ಕರೆಸಿ ಕೇಳಿದವರಲ್ಲಿ ಮನ್ನಾನ್ ಒಬ್ಬರು. 1947ರಲ್ಲಿ ಇದೇ ರಾಸಾಯನಿಕ ಇದೇ ರಾಜ್ಯದ ಟೆಕ್ಸಸ್ ಸಿಟಿ ಬಂದರಿನಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ನೆನಪು ಎಷ್ಟು ಬೇಗ ಮಾಸುತ್ತದೆ ನೋಡಿ. ಕೇಂದ್ರದ ವಿದ್ಯಾರ್ಥಿಗಳು ಅಮೋನಿಯಂ ನೈಟ್ರೇಟಿನ ವರ್ತನೆಯ ಅಧ್ಯಯನದಲ್ಲೂ ತೊಡಗಿದರು.

2018ರ ಸೆಪ್ಟೆಂಬರ್ 11ರಂದು ಪ್ರೊ. ಮನ್ನಾನ್ ನಿಧನರಾದರು. ಅವರ ಶಿಷ್ಯರು ಅಷ್ಟರಲ್ಲಿ ಹಲವು ದೇಶಗಳ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಹೊಣೆಯ ಸ್ಥಾನಗಳಲ್ಲಿದ್ದರು. ಕೇಂದ್ರ ನಿಲ್ಲಲಿಲ್ಲ, ಅಕ್ಟೋಬರಿನ ಸಮ್ಮೇಳನಗಳು ಮುಂದುವರಿದವು. ನಂತರದ ವರ್ಷಗಳಲ್ಲಿ ನಿರ್ದೇಶಕರಾಗಿ ಬಂದ ಪ್ರೊ. ಫೈಸಲ್ ಖಾನ್, ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ದೀರ್ಘಕಾಲ ಪಾಠ ಹೇಳಿದವರು. ನಮ್ಮ ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದವರು. ಭೋಪಾಲವನ್ನು ಕಂಡ ಉಪಖಂಡದಿಂದಲೇ ಕೇಂದ್ರಕ್ಕೆ ಮತ್ತೊಬ್ಬ ಮುಖ್ಯಸ್ಥರು ಸಿಕ್ಕಿದ್ದಾರೆ.

ಈ ಸಂಚಿಕೆ ಓದುತ್ತಿರುವ ಕನ್ನಡದ ಎಂಜಿನಿಯರುಗಳಲ್ಲಿ, ಕಾಲೇಜುಗಳ ಮುಖ್ಯಸ್ಥರಲ್ಲಿ ನಮ್ಮದೊಂದು ವಿನಂತಿ. ಕರ್ನಾಟಕದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿಸುವ ವಿಭಾಗಗಳಿವೆ, ಮಂಗಳೂರಿನ ತೈಲ ಶುದ್ಧೀಕರಣ ಘಟಕದಂತಹ ದೊಡ್ಡ ಸ್ಥಾವರಗಳಿವೆ, ಮೂವತ್ತು ನಲವತ್ತು ವರ್ಷ ಸ್ಥಾವರ ನಡೆಸಿ ನಿವೃತ್ತರಾದವರೂ ನಮ್ಮ ನಡುವೆ ಇದ್ದಾರೆ. ನಿವೃತ್ತರು ವಾರಕ್ಕೆ ಒಂದು ತರಗತಿಯನ್ನಾದರೂ ತೆಗೆದುಕೊಳ್ಳಲಿ. ಕಾಲೇಜುಗಳು ಅವರನ್ನು ಗೌರವದಿಂದ ಕರೆಯಲಿ. ಕಂಪನಿಗಳು ತಮ್ಮ ಅವಘಡಗಳ ತನಿಖಾ ವರದಿಗಳನ್ನು, ಹೆಸರು ಅಳಿಸಿಯಾದರೂ ಸರಿ, ಪಾಠಕ್ಕೆ ಕೊಡಲಿ.